ಏರುದಾರಿಗೆ ಎಷ್ಟು ಪೀಪಾಯಿ

ಏಪ್ರಿಲ್ ೧೯, ೧೯೫೫. ಮಂಗಳವಾರ

ಇವರಿಗೆ ಈಗಷ್ಟೇ ಜೊಂಪು ಹತ್ತಿದೆ. ಬಲಗಾಲಿಗೆ ಮೊಣಕಾಲಿನಿಂದ ಕೆಳಗೆ ಪೂರ್ತಿ ಕಟ್ಟು. ನಾಲ್ಕು ದಿನದಿಂದ ಯಾರೊಡನೆಯೂ ಮನಸ್ಸು ಬಿಚ್ಚಿ ಮಾತಾಡಲಾಗದೆ ನನಗೆ ಉಸಿರು ಕಟ್ಟಿದ ಹಾಗಾಗಿದೆ. ಅದಕ್ಕೇ ಬರೆಯಲು ಕೂತೆ. ಮನೆಯಲ್ಲಿ ಆಡುವುದು ಕೊಂಕಣಿಯಾದರೂ ಬರೆಯಲು ಬರುವುದು ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ ಕನ್ನಡವೇ.

ಶುಕ್ರವಾರ ಕಾರಡ್ಕದ ಕೆಲಸದಲ್ಲಿ ಡಾಂಬರು ಕಾಯಿಸುತ್ತಿದ್ದಾಗ ಪೀಪಾಯಿ ಉಕ್ಕಿ ಇವರ ಕಾಲಿನ ಮೇಲೆ ಬಿತ್ತು. ಪೀಪಾಯಿಯೇ ಸರಿ ಇರಲಿಲ್ಲ, ತಳ ತುಕ್ಕು ಹಿಡಿದಿತ್ತು ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಾರೆ. ಮೇಸ್ತ್ರಿ ಮುದ್ದಣ್ಣನೂ ಬಂದಿದ್ದ. ಬಾಗಿಲ ಹೊರಗೇ ನಿಂತು, ಹಾಳೆಯ ಮುಟ್ಟಾಳೆಯನ್ನು ತಲೆಯಿಂದ ತೆಗೆದು ಕೈಯಲ್ಲಿ ತಿರುಗಿಸುತ್ತ, ಒಂದು ಮಾತೂ ಆಡದೆ ಹೋದ.

ಇನ್ನು ಇವರು ಕಂತ್ರಾಟು ಹಿಡಿದಿರುವ ಸೀತಾಂಗೋಳಿಯ ಕೆಲಸ ಏನು ಮಾಡುವುದು? ಗುಡ್ಡೆಯ ಮೇಲಿನ ಡಾಕ್ಟರ್ ಪ್ರಫುಲ್ಲಾ ಅವರ ಹೆರಿಗೆ ಆಸ್ಪತ್ರೆಗೆ ಕೆಳಗಿನ ಮಾರ್ಗದಿಂದ ಕಾರು ಹತ್ತುವ ದಾರಿ. ಕಲ್ಲು ಹಾಸಿ ಆಗಿದೆ. ಮಳೆಗೆ ಮೊದಲು ಡಾಂಬರು ಆಗಬೇಕು. ತಮ್ಮ ಕಜೆತಾನ್‌ನ ಆರೈಕೆಗೆಂದು ಇವರ ಅಕ್ಕ ಬೆನೆಡಿಕ್ಟಾ ಬಂದು ಉಳಿದಿದ್ದಾರೆ, ಮನೆಗೆ ಅವರಿದ್ದಾರೆ. ಕೆಲಸಕ್ಕೆ ಯಾರೂ ಇಲ್ಲ.

ಏಪ್ರಿಲ್ ೨೧, ಗುರುವಾರ

ಬೆಳಿಗ್ಗೆ ಗಂಜಿ ಕುಡಿಯುತ್ತ ಇವರು ಹೇಳಿದರು, "ನೀನು ಹೋಗಿ ನಿಂತರೆ ಸಾಕು. ಎಂತ ಮಾಡುದೂ ಬೇಡ. ಮುದ್ದಣ್ಣನಿಗೆ ಎಲ್ಲ ಗೊತ್ತುಂಟು. ನಮ್ಮವರು ಅಂತ ಒಬ್ಬರು ಅಲ್ಲಿ ಇರ್ಬೇಕು, ಅಷ್ಟೆ."

"ಡಾಂಬರು ಎಷ್ಟು ಬೇಕಾಗುತ್ತದೆ?"

"ಒಂಬತ್ತು ಪೀಪಾಯಿ. ನಾನು ಲೆಕ್ಕ ಹಾಕಿ ಆಗಿದೆ."

ಲೆಕ್ಕ ಹೇಗೆ ಎಂದು ಕೇಳಿದ್ದಕ್ಕೆ ಸಿಟ್ಟು ಬಂತು. ಆಮೇಲೆ ಹೇಳಿದರು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಚೌಕಕ್ಕೆ ಮೊದಲ ಸಲ ಒಂದು ಚಿಮಿಣಿ ಎಣ್ಣೆ ಡಬ್ಬಿಯಷ್ಟು ಡಾಂಬರು, ಎರಡನೇ ಸಲ ಅರ್ಧ. ದಾರಿ ನಲವತ್ತು ಚೌಕ. ಮೇಲೆ ಬಾಗಿಲೆದುರಿನ ಅಂಗಳ, ಕಾರು ತಿರುಗುವ ಜಾಗ, ಹನ್ನೆರಡು ಚೌಕ. ಒಂದು ಪೀಪಾಯಿಯಲ್ಲಿ ಒಂಬತ್ತು ಡಬ್ಬಿ. ಕೂಡಿಸಿ ಭಾಗಿಸಿದೆ. ಒಂಬತ್ತಕ್ಕೆ ಸ್ವಲ್ಪ ಕಡಿಮೆಯೇ ಬಂತು. ಇವರ ಲೆಕ್ಕ ಎಂದೂ ತಪ್ಪಿಲ್ಲ.

ನಾಳೆ ಬಸ್ಸಿನಲ್ಲಿ ಹೋಗಬೇಕು. ಗಂಡಸರ ನಡುವೆ ಎಲ್ಲಿ ನಿಲ್ಲುವುದು, ಯಾವ ಸೀರೆ ಉಡುವುದು ಎಂದೆಲ್ಲ ಯೋಚಿಸಿ ತಲೆನೋವು.

ಏಪ್ರಿಲ್ ೨೨, ಶುಕ್ರವಾರ

ದಿನವಿಡೀ ಗೇರುಮರದ ಕೆಳಗೆ ನಿಂತೆ. ಮುದ್ದಣ್ಣನಿಗೆ ಹೇಳಬೇಕಾದದ್ದನ್ನು ಅಕ್ಕುವಿನ ಬಾಯಲ್ಲಿ ಹೇಳಿಸಿದೆ. ಅಕ್ಕು ಜಲ್ಲಿ ಹೊರುವವಳು, ಹೆಂಗಸರಲ್ಲಿ ಹಿರಿಯಳು, ನಲವತ್ತು ದಾಟಿರಬಹುದು. "ಬಾಯಿ, ಬಿಸಿಲಲ್ಲಿ ನಿಲ್ಲುದು ಬೇಡ, ಇಲ್ಲಿ ಕೂತ್ಕೊಳ್ಳಿ," ಎಂದು ಸೋಗೆ ಹಾಸಿ ಕೊಟ್ಟಳು. ನಮ್ಮ ಕ್ರಿಸ್ತಾನ ಜಾತಿಯ ಹೆಂಗಸರನ್ನು ಆಳುಗಳೆಲ್ಲ ಬಾಯಿ ಎನ್ನುತ್ತಾರೆ, ಗಂಡಸರನ್ನು ಪೊರ್ಬುಗಳು ಎನ್ನುತ್ತಾರೆ.

ಡಾಕ್ಟರು ಇಳಿದು ಬಂದರು. ಬಿಳಿ ಸೀರೆ, ಗಡಸು ಮುಖ, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ದಾರಿ ಕಡಿದಾಗಿ ತಿರುಗುವ ಬಳಸಿನಲ್ಲಿ ನಿಂತು ಹೇಳಿದರು:

"ಕಳೆದ ಜೂನಿನಲ್ಲಿ ಇಲ್ಲಿ ಒಂದು ಬಾಡಿಗೆ ಕಾರು ಹೂತುಹೋಯಿತು. ಒಳಗೆ ಪುತ್ತಿಗೆ ಕಡೆಯ ಹುಡುಗಿ, ಚೊಚ್ಚಲು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹತ್ತಿದರು. ಕೆಸರಲ್ಲಿ ಜಾರಿ ಜಾರಿ. ನಾನು ಮೇಲಿನಿಂದ ನೋಡ್ತಾ ಇದ್ದೆ. ಮಗು ಉಳೀಲಿಲ್ಲ."

ಇದಕ್ಕೆ ಹಣ ಕೊಟ್ಟ ದೊಡ್ಡವರೊಬ್ಬರು ಜೂನ್ ಒಂದಕ್ಕೆ ಮದರಾಸಿನಿಂದ ಬಂದು ದಾರಿಯನ್ನು ತೆರೆಯುತ್ತಾರಂತೆ. ಅಷ್ಟರೊಳಗೆ ಆಗುತ್ತದಲ್ಲ ಎಂದು ಕೇಳಿದರು. "ಇವರು ಆಗ್ತದೆ ಅಂದಿದ್ದಾರೆ," ಎಂದೆ.

ಏಪ್ರಿಲ್ ೩೦, ಶನಿವಾರ

ಕಾರಡ್ಕದಲ್ಲಿ ಉಳಿದಿದ್ದ ಡಾಂಬರು ತರಿಸಿ ಎರಡು ಕಡೆ ಒಂದೊಂದು ಚೌಕ ಹಾಕಿ ನೋಡಿದೆವು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಪೀಪಾಯಿ ತರಿಸುವ ಮೊದಲು ಒಮ್ಮೆ ಕಣ್ಣಲ್ಲಿ ನೋಡಿಬಿಡೋಣ ಅನಿಸಿತು.

ಮೇಲಿನ ಚೌಕಕ್ಕೆ ಸರಿಯಾಗಿ ಒಂದು ಡಬ್ಬಿ ಹಿಡಿಯಿತು. ಕೆಳಗಿನ ಏರಿನಲ್ಲಿ ಹಾಕಿದ್ದು ನಾವು ನೋಡುತ್ತಿದ್ದಂತೆಯೇ ಇಳಿದುಹೋಯಿತು. ಇನ್ನೊಂದು ಡಬ್ಬಿ ಸುರಿದ ಮೇಲೆ ಕಲ್ಲು ಕಪ್ಪಾಗಿ ನಿಂತಿತು.

"ಹೀಗೇಕೆ ಮುದ್ದಣ್ಣ?" ನಾನೇ ನೇರ ಕೇಳಿದೆ.

ಅವನು ನೆಲ ನೋಡಿದ. "ಅಡೀಲಿ ಕೆಂಪು ಮುರಕಲ್ಲು, ಬಾಯಿ. ಗಟ್ಟಿ ಕರ್ಗಲ್ಲಿನ ಗಾಡಿ ಬರ್ಲಿಕ್ಕೆ ತಡ ಆಯ್ತು. ಕಾಯುದು ಬೇಡ, ಮುರಕಲ್ಲು ಹಾಕಿ ಮೇಲಿಂದ ಸ್ವಲ್ಪ ಜಲ್ಲಿ ಎಳೀರಿ ಅಂದ್ರು ಪೊರ್ಬುಗಳು. ಮುರಕಲ್ಲಿನ ಮೈಯೆಲ್ಲ ತೂತು, ಡಾಂಬರು ಕುಡೀತದೆ."

"ಎಷ್ಟು ದೂರದವರೆಗೆ?"

"ಗೇಟಿಂದ ಆ ಬಳಸು ದಾಟುವವರೆಗೆ."

ಟೇಪು ಹಿಡಿದು ಅಳೆದೆವು. ಹದಿನೈದು ಚೌಕ. ಅಷ್ಟಕ್ಕೂ ಒಂದೊಂದು ಡಬ್ಬಿ ಹೆಚ್ಚು. ಬಸ್ಸಿನಲ್ಲಿ ಬರುವಾಗ ಬೆರಳಲ್ಲೇ ಮತ್ತೆ ಮತ್ತೆ ಲೆಕ್ಕ ಹಾಕಿದೆ. ಹತ್ತು ಸಾಲದು. ಹನ್ನೊಂದು ಬೇಕು.

ಮೇ ೧, ಭಾನುವಾರ

ಪೂಜೆ ಮುಗಿಸಿ ಬಂದು ಹೇಳಿದೆ. ಹೇಳಬಾರದಿತ್ತೇನೋ, ಭಾನುವಾರ.

"ಮುರಕಲ್ಲಿನ ವಿಷಯ ನಿನಗೆ ಹೇಳಿದ್ದು ಯಾರು? ಮುದ್ದಣ್ಣನಾ?"

"ನೆಲವೇ ಹೇಳಿತು. ಎರಡು ಡಬ್ಬಿ ಕುಡಿಯಿತು."

"ಹದಿನೈದು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೇನೆ ನಾನು. ನೀನು ಹತ್ತು ದಿನ ಮರದ ಕೆಳಗೆ ಕೂತು ನನಗೆ ಕಲಿಸ್ತೀಯಾ? ಒಂಬತ್ತು ಅಂದ್ರೆ ಒಂಬತ್ತು."

ಬೆನೆಡಿಕ್ಟಾ ಅಕ್ಕ ಅಡುಗೆಮನೆಯಿಂದ ಇಣುಕಿ ಹೋದರು. ಸಂಜೆ ಮಂಗಳೂರಿನ ವ್ಯಾಪಾರಿಗೆ ಹೇಳಿಕಳಿಸುವಾಗ ಹನ್ನೊಂದು ಎಂದೆ. ಅದು ಅವರ ಕಿವಿಗೆ ಬೀಳುವ ಹೊತ್ತಿಗೆ ದಾರಿ ಮುಗಿದಿರುತ್ತದೆ.

ಮೇ ೧೧, ಬುಧವಾರ

ಕುಂಬಳೆ ಸ್ಟೇಶನ್ನಿನಲ್ಲಿ ಪೀಪಾಯಿಗಳು ಇಳಿದವು. ಒಂದೊಂದನ್ನೇ ಮುಟ್ಟಿ ನೋಡಿದೆ. ಹತ್ತು. ಇದ್ದದ್ದೇ ಇಷ್ಟು, ಇನ್ನು ಮಳೆಗಾಲ ಕಳೆದ ಮೇಲೆಯೇ ಎಂದು ವ್ಯಾಪಾರಿ ಹೇಳಿಕಳಿಸಿದ್ದಾರೆ.

ಒಂದು ಪೀಪಾಯಿ ಕಡಿಮೆ. ಎಲ್ಲಿಂದ ತರುವುದು? ಒಂದು ಹನಿಯೂ ಪೋಲಾಗದ ಹಾಗೆ ನೋಡಿಕೊಂಡರೆ ಎಳೆದಾಡಿ ಮುಗಿಸಬಹುದು. ಅಂಗಳದ ಸುತ್ತಲಿನ ಹೂವಿನ ಪಾತಿಯನ್ನು ಅಗಲ ಮಾಡಿಸಿದರೆ ಅಲ್ಲೊಂದೆರಡು ಚೌಕ ಉಳಿಯುತ್ತದೆ. ಡಾಕ್ಟರನ್ನು ಕೇಳಬೇಕು.

ಪಶ್ಚಿಮದಲ್ಲಿ ಮೋಡ. ಇನ್ನೂ ಮೇ ತಿಂಗಳು, ಇದೆಲ್ಲ ಸುಳ್ಳು ಮೋಡ.

ಮೇ ೧೬, ಸೋಮವಾರ

ದಾರಿಯ ಮೇಲಿನ ಭಾಗದಿಂದ ಶುರು ಮಾಡಿದೆವು, ಅಂಗಳ ಕೊನೆಗೆ. ಹೊಗೆ, ಬಿಸಿ, ವಾಸನೆ. ಸೀರೆಯನ್ನು ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿದ್ದೇನೆ. ಡಬ್ಬಿ ತುಂಬುವಲ್ಲಿ ನಾನೇ ನಿಲ್ಲುತ್ತೇನೆ. ತುಂಬಿ ಚೆಲ್ಲಿದರೆ ಸಿಟ್ಟು ನೆತ್ತಿಗೇರುತ್ತದೆ.

ರೋಲರು ಎಳೆಯುವವರು ನೀರು ಕುಡಿಯಲು ಹೋಗಿ ಹರಟುತ್ತ ಕೂತಿದ್ದರು. ಬೈದೆ. ಅಕ್ಕು ನಕ್ಕು, "ಪೊರ್ಬುಗಳೇ ಬಂದ ಹಾಗಾಯ್ತು," ಅಂದಳು. ಅವಳಿಗೂ ಗದರಿದೆ. ಆಳುಗಳಿಗೆ ಸಲಿಗೆ ಕೊಟ್ಟರೆ ಕೆಲಸ ಮುಗಿಯುವುದಿಲ್ಲ.

ಮೇ ೧೮, ಬುಧವಾರ

ಮೇಲಿನ ಭಾಗಕ್ಕೆ ಮೊದಲ ಸಲದ್ದು ಆಯಿತು. ಕಜೆತಾನ್‌ರ ಕಾಲಿನ ಕಟ್ಟು ಬದಲಿಸುವ ದಿನ ಇವತ್ತಾಗಿತ್ತಂತೆ. ಬೆನೆಡಿಕ್ಟಾ ಅಕ್ಕ ಮಾಡಿದ್ದಾರೆ. ಮುಖ ದಪ್ಪಗೆ ಮಾಡಿಕೊಂಡಿದ್ದಾರೆ. ನಾನೇನು ನೆಂಟರ ಮನೆಗೆ ಹೋಗಿದ್ದೆನೆ?

ಮೇ ೨೦, ಶುಕ್ರವಾರ

ಮೋಡ. ಸೆಕೆ. ಮುಗಿಯಬೇಕು.

ಮೇ ೨೧, ಶನಿವಾರ

ಹೇಗೆ ಬರೆಯಲಿ.

ಮಧ್ಯಾಹ್ನ ಗಂಜಿ ಊಟವಾದ ಮೇಲೆ ಹೊಸ ಪೀಪಾಯಿಯನ್ನು ಬೆಂಕಿಗೆ ಏರಿಸಿದ್ದೆವು. ತೆಂಕಲಿನಲ್ಲಿ ಕಪ್ಪಾಯಿತು. ಗಾಳಿ ತಣ್ಣಗಾಯಿತು. ಮುದ್ದಣ್ಣ ಬಂದು, "ಬಾಯಿ, ಬೆಂಕಿ ತೆಗೆಯುವ. ಮಳೆ ಬರ್ತದೆ," ಎಂದ.

"ಆ ಮೋಡ ನಾಲ್ಕು ದಿನದಿಂದ ಅಲ್ಲೇ ಉಂಟು."

"ಕಾದ ಡಾಂಬರಿಗೆ ನೀರು ಬಿದ್ರೆ ಉಕ್ಕುತದೆ. ಬೇಡ ಬಾಯಿ."

"ಈಗ ತೆಗೆದರೆ ಮತ್ತೆ ಕಾಯಿಸಲು ಅರ್ಧ ದಿನ. ಎರಡು ಹನಿಗೆ ಹೆದರಿದರೆ ಕೆಲಸ ಆಗುತ್ತದಾ? ನಡಿ."

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೋದ.

ಹನಿ ಬೀಳಲಿಲ್ಲ. ಒಮ್ಮೆಲೇ ಸುರಿಯಿತು. ಪೀಪಾಯಿಯೊಳಗೆ ಚಟಪಟ ಸದ್ದು, ಮರುಕ್ಷಣ ಕಪ್ಪು ನೊರೆ ಬಾಯಿವರೆಗೆ ಏರಿತು. ನಾನು ಕೂಗಿದೆ, "ಮುಚ್ಚಿ! ತಗಡು ಮುಚ್ಚಿ!" ಹತ್ತಿರದಲ್ಲಿದ್ದವಳು ಅಕ್ಕು. ತಗಡು ಎತ್ತಿಕೊಂಡು ಓಡಿದಳು. ಮುದ್ದಣ್ಣ "ಬೇಡ, ಬೇಡ" ಎಂದು ಅರಚುತ್ತಿದ್ದ. ನೊರೆ ಅಂಚು ದಾಟಿ ಅವಳ ಎಡಗೈಯ ಮೇಲೆ ಇಳಿಯಿತು. ಬೆಂಕಿ ಹತ್ತಿಕೊಂಡೀತೆಂದು ಮುದ್ದಣ್ಣ ಉದ್ದ ಕೋಲಿನಿಂದ ಪೀಪಾಯಿಯನ್ನೇ ಕೆಳಗೆ ಉರುಳಿಸಿದ. ಇಡೀ ಪೀಪಾಯಿ ಇಳಿಜಾರಿನ ಹುಲ್ಲಿಗೆ ಹೋಯಿತು.

ಅಕ್ಕುವನ್ನು ಹಿಡಿದುಕೊಂಡು ಮೇಲೆ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಡಾಂಬರು ಬಿಡಿಸುವಾಗ ಅವಳು ಕೂಗಲಿಲ್ಲ. ಹಲ್ಲು ಕಚ್ಚಿ ನನ್ನನ್ನೇ ನೋಡುತ್ತಿದ್ದಳು.

ಮೇ ೨೨, ಭಾನುವಾರ

ಪೂಜೆಗೆ ಹೋಗಲಿಲ್ಲ. ಅಷ್ಟು ಬೇಗ ಮಳೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ನಾನು ಮುಚ್ಚಿ ಎಂದದ್ದು ಯಾರಿಗೂ ಅಪಾಯವಾಗಬಾರದೆಂದು. ಅಕ್ಕುವನ್ನೇ ಹೋಗೆಂದು ಹೇಳಲಿಲ್ಲ.

ಬೆಳಿಗ್ಗೆ ಬರೆದದ್ದನ್ನು ಈಗ ಓದಿದೆ. ಅವಳು ನನ್ನ ಕೂಗಿಗೇ ಓಡಿದ್ದು.

ಮೇ ೨೩, ಸೋಮವಾರ

ಕೆಲಸ ನಿಂತಿದೆ. ಕಜೆತಾನ್‌ಗೆ ಎಲ್ಲ ಹೇಳಿದೆ, ಹನ್ನೊಂದು ಪೀಪಾಯಿಗೆ ಹೇಳಿಕಳಿಸಿದ್ದನ್ನೂ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಸಮಾಧಾನ ಮಾಡುವ ದನಿಯಲ್ಲಿ, "ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ. ನನಗೂ ಆಗ್ಲಿಲ್ವಾ?" ಎಂದರು.

ನಾನು ಕೇಳಿದೆ, "ಕಾರಡ್ಕದಲ್ಲಿ ಅವತ್ತು ಮಳೆ ಬಂದಿತ್ತಾ?"

ಅವರು ಕಾಲಿನ ಕಟ್ಟನ್ನು ಸರಿಮಾಡಿಕೊಂಡರು.

"ಮುದ್ದಣ್ಣ ಬೆಂಕಿ ತೆಗೆಯುವ ಅಂದಿದ್ದನಾ?"

"ಅಂದಿದ್ದ," ಎಂದರು. "ಎರಡು ಹನಿಗೆ ಹೆದರುದಾ ಅಂತ ನಾನೇ…"

ಮುದ್ದಣ್ಣ ಮೊನ್ನೆ ನನ್ನ ಮುಖವನ್ನು ಯಾಕೆ ಹಾಗೆ ನೋಡಿದನೆಂದು ಆಗ ಗೊತ್ತಾಯಿತು.

ಆಮೇಲೆ ಇಬ್ಬರೂ ಉಳಿದ ಡಾಂಬರಿನ ಲೆಕ್ಕಕ್ಕೆ ಕೂತೆವು. ಅದು ಸುಲಭ. ಉರುಳಿಹೋದದ್ದನ್ನು ಬಿಟ್ಟರೆ ಎಲ್ಲ ಕೂಡಿ ಒಂಬತ್ತು ಪೀಪಾಯಿಯ ಕೆಲಸ. ಕೆಳಗಿನ ಏರಿಗೆ ಅದು ಕೇಳಿದಷ್ಟು ಕೊಟ್ಟರೆ ಮೇಲಿನ ಅಂಗಳಕ್ಕೆ ಸಾಲದು. ಅಂಗಳ ಮಾಡಬೇಕಾದರೆ ಏರಿಗೆ ತೆಳ್ಳಗೆ ಎಳೆಯಬೇಕು.

"ತೆಳ್ಳಗೆ ಎಳೆ," ಎಂದರು ಕಜೆತಾನ್. "ಮೇಲಿಂದ ಹೊಳೆಯ ಹೊಯಿಗೆ ಹಾಕಿದ್ರೆ ಯಾರಿಗೆ ಗೊತ್ತಾಗ್ತದೆ? ಒಂದನೇ ತಾರೀಕಿಗೆ ಎಲ್ಲ ಕಪ್ಪಗೆ ಕಾಣ್ಬೇಕು. ಅಂಗಳ ಬೋಳು ಬಿಟ್ರೆ ನನ್ನ ಹೆಸರು ಹಾಳು. ಮತ್ತೆ ಯಾರು ಕೆಲಸ ಕೊಡ್ತಾರೆ?"

"ಜೂನಿನಲ್ಲಿ ಏರಿನ ಡಾಂಬರು ಕಿತ್ತು ಬಂದರೆ?"

"ಮಳೆಗೆ ಹೋಯ್ತು ಅಂತ ಹೇಳಿದ್ರಾಯ್ತು. ಎಲ್ಲ ಕಡೆ ಹೋಗ್ತದೆ."

ನಾನು ಲೆಕ್ಕದ ಚೀಟಿ ಮಡಚಿ ಎದ್ದೆ.

ಮೇ ೨೪, ಮಂಗಳವಾರ

ಬೆಳಿಗ್ಗೆ ಮುದ್ದಣ್ಣನನ್ನು ಕರೆದು, ಆಳುಗಳ ಎದುರಿಗೇ ಹೇಳಿದೆ. ಇನ್ನು ಬೆಂಕಿ ಹಾಕುವುದೂ ತೆಗೆಯುವುದೂ ನಿನ್ನ ಮಾತು, ಶನಿವಾರ ನಾನು ಕೇಳಬೇಕಿತ್ತು. ಅವನು "ಆಯ್ತು ಬಾಯಿ," ಎಂದ, ಅಷ್ಟೆ. ಅವನ ಮುಖ ಸಡಿಲವಾಗಲಿಲ್ಲ.

ಆಮೇಲೆ ಡಾಕ್ಟರ ಬಳಿ ಹೋದೆ. ಅಂಗಳ ಆಗುವುದಿಲ್ಲ ಎಂದೆ.

"ಎಂತ? ಬಂದವರು ಮೊದಲು ಇಳಿಯುವುದೇ ಇಲ್ಲಿ. ಇದನ್ನು ಬಿಟ್ಟು ಕೆಳಗಿನದನ್ನು ಮಾಡ್ತೀರಾ?"

"ಕೆಳಗೆ ಅಡಿಯಲ್ಲಿ ಮುರಕಲ್ಲು ಹಾಕಿದ್ದೇವೆ ಡಾಕ್ಟ್ರೇ. ಕರ್ಗಲ್ಲು ಹಾಕಬೇಕಿತ್ತು. ಅದಕ್ಕೆ ಎರಡರಷ್ಟು ಡಾಂಬರು ಬೇಕು. ತೆಳ್ಳಗೆ ಹಾಕಿ ನಿಮಗೆ ಚಂದ ಮಾಡಿ ತೋರಿಸಬಹುದು. ಒಂದು ತಿಂಗಳೂ ಬಾಳುವುದಿಲ್ಲ. ಆ ಕಾರು ಹೂತದ್ದು ಅಲ್ಲೇ ಅಲ್ಲವಾ?"

ಅವರ ಮುಖ ಕೆಂಪಗಾಯಿತು. "ಮುರಕಲ್ಲು ಹಾಕಿದ್ದು ನನಗೆ ಯಾಕೆ ಹೇಳಲಿಲ್ಲ?"

"ಈಗ ಹೇಳ್ತಾ ಇದ್ದೇನೆ."

"ಇದು ನಿಮ್ಮ ಯಜಮಾನರ ತೀರ್ಮಾನವಾ?"

"ಅಲ್ಲ. ನನ್ನದು."

ಅವರು ಕಿಟಕಿಯಿಂದ ಹೊರಗೆ ನೋಡಿದರು. ಆಮೇಲೆ, "ನಾನು ಆ ದೊಡ್ಡವರಿಗೆ ಎಂತ ಹೇಳಲಿ?" ಎಂದು ತಮಗೇ ಎಂಬಂತೆ ಹೇಳಿ ಒಳಗೆ ಹೋದರು. ಬೇಡ ಎನ್ನಲಿಲ್ಲ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಮೇ ೨೮, ಶನಿವಾರ

ಏರಿಗೆ ಮೊದಲ ಸಲದ್ದು ಮುಗಿದಿದೆ. ಎರಡೆರಡು ಡಬ್ಬಿ. ನಿನ್ನೆ ಮುದ್ದಣ್ಣ ಎರಡು ಸಲ ಬೆಂಕಿ ತೆಗೆಸಿದ. ಒಂದು ಸಲ ಮಳೆ ಬಂತು, ಇನ್ನೊಂದು ಸಲ ಬರಲಿಲ್ಲ. ಬಾರದಿದ್ದಾಗ ಅರ್ಧ ದಿನ ಹೋಯಿತಲ್ಲ ಎನಿಸಿತು. ಸುಮ್ಮನೆ ನಿಂತೆ.

ಸಂಜೆ ಅಕ್ಕುವಿನ ಮನೆಗೆ ಹೋದೆ. ಅಕ್ಕಿ ಕೊಟ್ಟೆ, ತೆಗೆದುಕೊಂಡಳು. ಕೂತ್ಕೊಳ್ಳಿ ಎನ್ನಲಿಲ್ಲ.

ಮೇ ೩೧, ಮಂಗಳವಾರ

ಮುಗಿಯಿತು. ಗೇಟಿನಿಂದ ಅಂಗಳದ ಅಂಚಿನವರೆಗೆ. ಅಲ್ಲಿಂದ ಮುಂದೆ ಬರೇ ಕೆಂಪು ಮಣ್ಣು.

ಕಜೆತಾನ್ ಕೋಲು ಊರಿಕೊಂಡು ಬಾಡಿಗೆ ಕಾರಿನಲ್ಲಿ ನೋಡಲು ಬಂದರು. ಅಂಗಳ ನೋಡಿದರು, ಆಳುಗಳ ಎದುರಿಗೆ ಏನೂ ಹೇಳಲಿಲ್ಲ. ಕಾರಿನೊಳಗೆ ಕೂತ ಮೇಲೆ, "ಇನ್ನು ನೀನೇ ಮಾಡಿಕೋ," ಎಂದರು. ಸಿಟ್ಟಿನಲ್ಲೇ ಹೇಳಿದ್ದು.

ಜೂನ್ ೨, ಗುರುವಾರ

ನಿನ್ನೆ ಆ ದೊಡ್ಡವರು ಬರಲಿಲ್ಲ. ಮದರಾಸಿನಲ್ಲೇ ಏನೋ ಅಡಚಣೆಯಂತೆ. ಗೇಟಿಗೆ ಕಟ್ಟಿದ್ದ ದಾರವನ್ನು ಡಾಕ್ಟರು ತಾವೇ ಬಿಚ್ಚಿ ಒಳಗೆ ನಡೆದರಂತೆ. ನನ್ನನ್ನು ಕರೆದಿರಲಿಲ್ಲ.

ಜೂನ್ ೭, ಮಂಗಳವಾರ

ನಾಲ್ಕು ದಿನದಿಂದ ಮಳೆ ಬಿಡದೆ ಹೊಡೆಯುತ್ತಿದೆ. ಮನೆಯಲ್ಲಿ ಕೂರಲಾಗಲಿಲ್ಲ. ಬಸ್ಸು ಹಿಡಿದು ಸೀತಾಂಗೋಳಿಗೆ ಹೋದೆ.

ಏರಿನ ಮೇಲೆ ನೀರು ಹರಿದು ಚರಂಡಿಗೆ ಇಳಿಯುತ್ತಿತ್ತು. ಕೊಡೆ ಹಿಡಿದು ಬಗ್ಗಿ ಬಗ್ಗಿ ನೋಡಿದೆ. ಎಡದ ಅಂಚಿನಲ್ಲಿ ಒಂದು ಕಡೆ ಡಾಂಬರು ಮೊರದಗಲ ಎದ್ದಿದೆ. ಬಳಸು ಗಟ್ಟಿಯಾಗಿದೆ. ಅಕ್ಕು ಮಳೆಗೆ ಎಲೆಯ ಗೊರಬೆ ಹಾಕಿಕೊಂಡು ಇಳಿದು ಬರುತ್ತಿದ್ದಳು, ಕೈಗೆ ಹೊಸ ಕಟ್ಟು. ನನ್ನನ್ನು ಕಂಡು ನಿಂತಳು. ನಾನು ಏನಾದರೂ ಹೇಳುವ ಮೊದಲೇ ಕೆಳಗೆ ಕಾರಿನ ಸದ್ದಾಯಿತು.

ಹಳೆಯ ಬಾಡಿಗೆ ಕಾರು. ಗೇಟು ದಾಟಿ ಗುರುಗುಟ್ಟುತ್ತ ಏರು ಹತ್ತತೊಡಗಿತು. ಬಳಸಿನ ಹತ್ತಿರ ನಿಧಾನವಾಯಿತು. ಹಿಂದಿನ ಚಕ್ರ ಒಮ್ಮೆ ಜಾರಿತು. ನಾನು ಅಕ್ಕುವಿನ ಭುಜ ಹಿಡಿದಿದ್ದೆನೆಂದು ಆಮೇಲೆ ಗೊತ್ತಾಯಿತು. ಚಕ್ರ ಹಿಡಿಯಿತು. ಕಾರು ನಮ್ಮನ್ನು ದಾಟುವಾಗ ಒಳಗಿನಿಂದ ಹೆಂಗಸೊಬ್ಬಳ ನರಳಾಟ ಕೇಳಿತು.

ಮೇಲೆ ಹೋಗಿ ಅಂಗಳದ ಮಣ್ಣಿಗೆ ಇಳಿದದ್ದೇ ಹೂತಿತು. ಬಾಗಿಲು ಕಾಣುತ್ತಿದೆ, ಕಾರು ಅಲ್ಲಾಡುವುದಿಲ್ಲ. ನಾವಿಬ್ಬರೂ ಓಡಿದೆವು. ಡ್ರೈವರು ಬೈಯುತ್ತಿದ್ದ, "ಯಾರು ಮಾರಾಯ ಇಷ್ಟು ಮಾಡಿ ಇಲ್ಲಿ ಬಿಟ್ಟದ್ದು?" ಡಾಕ್ಟರು ಬರಿಗಾಲಲ್ಲೇ ಕೆಸರಿಗಿಳಿದು ಬಂದರು. ಅವರೊಂದು ಕಡೆ, ನಾನೊಂದು ಕಡೆ, ಅಕ್ಕು ಒಂದೇ ಕೈಯಲ್ಲಿ ಬೆನ್ನಿಗೆ ಆಸರೆಯಾಗಿ, ಆ ಹೆಂಗಸನ್ನು ಎತ್ತಿಕೊಂಡು ಒಳಗೆ ಮಲಗಿಸಿದೆವು. ಬಾಗಿಲು ಮುಚ್ಚಿತು.

ಜಗಲಿಯಲ್ಲಿ ಕೂತೆವು. ಆ ಕಾರು ಏರಿನ ಕೆಳಗೇ ಹೂತಿದ್ದರೆ ಎಂದು ನೆನೆಯುವುದೂ, ಅಂಗಳವನ್ನೂ ಮಾಡಿದ್ದರೆ ಎಂದು ನೆನೆಯುವುದೂ. ಹೊತ್ತು ಹೋಗಲೇ ಇಲ್ಲ.

ಮಗುವಿನ ಅಳು ಕೇಳಿದಾಗ ಅಕ್ಕು ಎದ್ದು ನಿಂತಳು.

ಡಾಕ್ಟರು ಕೈ ಒರೆಸುತ್ತ ಹೊರಗೆ ಬಂದರು. ಸೀರೆಯೆಲ್ಲ ಕೆಸರು. "ಹೆಣ್ಣು ಮಗು. ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿತ್ತು. ಇನ್ನು ಸ್ವಲ್ಪ ತಡ ಆಗಿದ್ದರೆ…" ಎಂದು ತಲೆಯಾಡಿಸಿದರು. ಆಮೇಲೆ ಅಂಗಳದಲ್ಲಿ ಹೂತ ಕಾರನ್ನು ನೋಡಿ, "ಅಲ್ಲಿಂದ ಇಲ್ಲಿಗೆ ಎತ್ತಿಕೊಂಡು ಬರ್ಬಹುದು. ಕೆಳಗಿಂದ ಆಗ್ತಿರಲಿಲ್ಲ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ಇದಕ್ಕೆ ಇನ್ನು ಎಷ್ಟು ಪೀಪಾಯಿ ಬೇಕಾದೀತು?"

ಎರಡು ಎಂಬ ಲೆಕ್ಕ ನನ್ನ ನಾಲಗೆಯ ತುದಿಯಲ್ಲೇ ಇತ್ತು.

"ಮಳೆ ಬಿಡಲಿ ಡಾಕ್ಟ್ರೇ. ನೆಲ ಅಗೆದು ನೋಡಿ ಹೇಳ್ತೇನೆ."

ಅಕ್ಕುವಿನ ಜೊತೆ ಏರು ಇಳಿದೆ. ಗೇಟಿನ ಹತ್ತಿರ ಅವಳ ದಾರಿ ಬೇರೆ. "ಮಳೆಗಾಲ ಕಳೆದ ಮೇಲೆ ಬರ್ತೀಯಾ ಅಕ್ಕು?" ಎಂದು ಕೇಳಿದೆ.

ಅವಳು ಕಟ್ಟಿದ ಕೈಯನ್ನು ಗೊರಬೆಯೊಳಗೆ ಎಳೆದುಕೊಂಡಳು. "ಹೊಟ್ಟೆ ಉಂಟಲ್ಲ ಬಾಯಿ, ಬರುದೇ. ಆದ್ರೆ ಒಂದು ಮಾತು. ಇನ್ನು ನೀವು ಓಡು ಅಂದ್ರೆ ನಾನು ಓಡುದಿಲ್ಲ. ಮೊದಲು ನೋಡ್ತೇನೆ."

"ನೋಡು," ಎಂದೆ.

ಅವಳು ಹೋದಳು. ಬಸ್ಸು ಬರುವವರೆಗೆ ನಾನು ಮಳೆಯಲ್ಲೇ ನಿಂತಿದ್ದೆ.